ಮಹಿಳಾ ಕಾಲೇಜಿನ ರೆಸ್ಯೂಮ್ ಮತ್ತು ನಾಲ್ಕು ನಿಮಿಷದ ಉತ್ತರ

ಮಾನ್ಯ ಸಂಪಾದಕರೇ,

ನಂದು ತಿಪಟೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಡಿಟಿಪಿಯೂ ಉಂಟು. ಹುಡುಗರ ರೆಸ್ಯೂಮ್ ಟೈಪ್ ಮಾಡಿ ಬೆಂಗಳೂರಿನ ಕಂಪನಿಗಳ ವೆಬ್‌ಸೈಟಿಗೆ ಹಾಕಿಕೊಡುತ್ತೇನೆ. ಹೋದ ತಿಂಗಳು ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಬಂದಿದ್ದಳು. ಸರ್ಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು, ಒಳ್ಳೆ ಅಂಕ, ಟ್ಯಾಲಿನೂ ಬರುತ್ತೆ. ಅರ್ಜಿ ಕಳಿಸಿ, ಅದರದೊಂದು ಪ್ರಿಂಟ್ ತೆಗೆದು, ಪಿನ್ ಹೊಡೆದು ಕೈಗೆ ಕೊಡುವಷ್ಟರಲ್ಲಿ ಅವಳ ಮೊಬೈಲಿಗೆ ಮೇಲ್ ಬಂತು. ನಿಮ್ಮ ಅರ್ಜಿ ಮುಂದಕ್ಕೆ ಹೋಗಿಲ್ಲ, ಆಲ್ ದ ಬೆಸ್ಟ್. ನಾಲ್ಕು ನಿಮಿಷವೂ ಆಗಿರಲಿಲ್ಲ, ಅದೂ ಭಾನುವಾರ ಸಂಜೆ. ಅಷ್ಟು ಬೇಗ ಅದನ್ನು ಓದಿದವರು ಯಾರು?

ಯಾಕೆ ಬೇಡ ಅಂದರು ಅಂತ ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಸರಿಯಾದ ಕಾರಣವೇ ಇರಬಹುದು. ಕೇಳೋಣ ಅಂದ್ರೆ ಆ ಮೇಲ್‌ಗೆ ಉತ್ತರ ಬರೆಯೋಕೇ ಆಗಲ್ಲ.

ಆದರೆ ಸಾಫ್ಟ್‌ವೇರೇ ಸೋಸಿರಬಹುದು, 'ಮಹಿಳಾ' ಅನ್ನೋ ಪದವೇ ಮುಳುವಾಗಿರಬಹುದು ಅನ್ನೋ ನನ್ನ ಅನುಮಾನ ಸುಮ್ನೆ ಬಂದಿದ್ದಲ್ಲ. ಅಮೆಜಾನ್ ಕಂಪನಿ ರೆಸ್ಯೂಮ್ ಸೋಸಲು ಒಂದು ಸಾಫ್ಟ್‌ವೇರ್ ಮಾಡಿಸಿತ್ತು. ಹತ್ತು ವರ್ಷದಲ್ಲಿ ಬಂದ ರೆಸ್ಯೂಮ್‌ಗಳನ್ನೇ ಕೊಟ್ಟು ಅದಕ್ಕೆ ಕಲಿಸಿದ್ದರು. ಅದರಲ್ಲಿ ಗಂಡಸರದೇ ಜಾಸ್ತಿ, ಹಾಗಾಗಿ ಗಂಡಸರೇ ವಾಸಿ ಅಂತ ಅದು ಕಲಿತುಬಿಟ್ಟಿತು. ರೆಸ್ಯೂಮ್‌ನಲ್ಲಿ 'ಮಹಿಳಾ ಚೆಸ್ ಕ್ಲಬ್' ಅಂತಿದ್ದರೆ ಅಂಕ ಕಟ್, ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರಿಗೂ ಕಟ್. ರಿಪೇರಿ ಮಾಡಿ ನೋಡಿದರು, ಆದರೂ ನಂಬಿಕೆ ಬರಲಿಲ್ಲ, ಕೊನೆಗೆ ಅದನ್ನು ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇದನ್ನು ಬರೆಯಿತು. ನಮ್ಮ ಕಡೆ ಮಹಿಳಾ ಕಾಲೇಜು ಅಂದರೆ ಮಾತ್ರ ಮಗಳನ್ನು ಡಿಗ್ರಿಗೆ ಕಳಿಸುವ ಮನೆಗಳು ಎಷ್ಟಿಲ್ಲ? ಮನೆಯಲ್ಲಿ ಯಾವ ಪದದಿಂದ ಓದೋಕೆ ಒಪ್ಪಿಗೆ ಸಿಕ್ಕಿತೋ ಅದೇ ಪದ ಮುಳುವಾದರೆ ಹೇಗೆ?

ಈ ಕಥೆ ಆ ಹುಡುಗಿಗೆ ಹೇಳಿ ತಪ್ಪು ಮಾಡಿದೆನೋ ಏನೋ. ಮೊನ್ನೆ ಬಂದವಳು 'ಅಣ್ಣ, ಕಾಲೇಜಿನ ಹೆಸರಲ್ಲಿ ಮಹಿಳಾ ಅನ್ನೋದು ತೆಗೆದುಬಿಡಿ' ಅಂದಳು. ಮಾರ್ಕ್ಸ್ ಕಾರ್ಡಿನಲ್ಲಿ ಇರೋದಮ್ಮ ಅದು, ಆಮೇಲೆ ವೆರಿಫಿಕೇಶನ್‌ನಲ್ಲಿ ಸಿಕ್ಕಿಹಾಕೊಳ್ತೀಯ ಅಂದೆ.

ಇನ್ನು ಜಾತಿ. ರೆಸ್ಯೂಮ್‌ನಲ್ಲಿ ಜಾತಿ ಅಂತ ಕಾಲಂ ಇರಲ್ಲ, ಸರಿ. ಹೆಸರು, ಅಪ್ಪನ ಹೆಸರು, ಕಾಯಂ ವಿಳಾಸದಲ್ಲಿ ಯಾವ ಕಾಲೋನಿ, ಯಾವ ಹಾಸ್ಟೆಲ್ ಅಂತ ಇರುತ್ತಲ್ವಾ? ನಾವು ಮನುಷ್ಯರೇ ಅಷ್ಟರಲ್ಲಿ ಲೆಕ್ಕ ಹಾಕಿಬಿಡುತ್ತೇವೆ. ನಮ್ಮ ಹಳೆಯ ನೇಮಕಾತಿಗಳಿಂದಲೇ ಕಲಿಯುವ ಮೆಷಿನ್ನಿಗೆ ಅದೇನು ಕಷ್ಟ.

ನಾವು ಬೇಕಂತ ಮಾಡಿಲ್ಲ ಅನ್ನೋದು ಕಂಪನಿಗಳ ಉತ್ತರ. ಇರಬಹುದು. ಅಮೆರಿಕದ ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯೂ ಹಾಗೇ ಅಂದಿತ್ತು. ಒಳ್ಳೆ ಸಂಬಳದ ಕೆಲಸಕ್ಕೆ ಹೈಸ್ಕೂಲ್ ಸರ್ಟಿಫಿಕೇಟ್ ಬೇಕು, ಪರೀಕ್ಷೆ ಪಾಸಾಗಬೇಕು ಅಂತ ಎಲ್ಲರಿಗೂ ಒಂದೇ ನಿಯಮ. ಹೊರಗುಳಿದವರಲ್ಲಿ ಕಪ್ಪು ಜನರೇ ಜಾಸ್ತಿ. ಆ ಪರೀಕ್ಷೆಗೂ ಕೆಲಸಕ್ಕೂ ಸಂಬಂಧ ಇದೆ ಅಂತ ತೋರಿಸೋಕೆ ಕಂಪನಿಗೆ ಆಗಲಿಲ್ಲ. ಉದ್ದೇಶ ಏನೇ ಇರಲಿ, ಫಲ ಏನಾಯ್ತು ನೋಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತು. ಈಗ ನ್ಯೂಯಾರ್ಕ್ ನಗರದಲ್ಲಿ ಇಂಥ ಸಾಫ್ಟ್‌ವೇರ್ ಬಳಸುವ ಕಂಪನಿ ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು. 2023ರ ಜುಲೈನಿಂದ ಅದು ಜಾರಿಯಲ್ಲಿದೆ.

ಭೇದಭಾವ ಮಾಡಬಾರದು ಅನ್ನುವ ನಮ್ಮ ಸಂವಿಧಾನದ 15 ಮತ್ತು 16ನೇ ವಿಧಿ ಬಹಳ ಗಟ್ಟಿ. ಆದರೆ 16 ಇರುವುದು ಸರ್ಕಾರಿ ಕೆಲಸಕ್ಕೆ, 15 ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತೆ. ಅಂಗಡಿ, ಹೋಟೆಲ್, ಬಾವಿಗೆ ಯಾರನ್ನೂ ತಡೆಯಬಾರದು ಅಂತಲೂ 15ರಲ್ಲಿದೆ, ಖಾಸಗಿ ಕಂಪನಿಯ ನೇಮಕದ ಮಾತು ಅಲ್ಲಿಲ್ಲ. ಹೆಣ್ಣು, ಗಂಡು ಭೇದಕ್ಕೆ ಕಾನೂನು ಉಂಟು, ಅಂಗವಿಕಲರಿಗೆ 2016ರ ಕಾಯ್ದೆ ಉಂಟು. ಜಾತಿ, ಧರ್ಮ ನೋಡಿ ಖಾಸಗಿಯವರು ಕೆಲಸ ಕೊಡದಿದ್ದರೆ ನೇರವಾಗಿ ಹಿಡಿಯುವಂಥ ಸಮಗ್ರ ಕಾನೂನು ಮಾತ್ರ ಇಲ್ಲ. ಸಂಸದ ಶಶಿ ತರೂರ್ ಅಂಥದ್ದೊಂದು ಮಸೂದೆಯನ್ನು ಖಾಸಗಿ ಸದಸ್ಯರ ಮಸೂದೆಯಾಗಿ ತಂದಿದ್ದರು, ಅದು ಪಾಸಾಗಲಿಲ್ಲ.

ಸಾಫ್ಟ್‌ವೇರಿನ ಲೆಕ್ಕ ಕೇಳೋದು ನಮ್ಮ ರಾಜ್ಯಕ್ಕೇನೂ ತೀರಾ ಹೊಸದಲ್ಲ. 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಕಾಯ್ದೆಯಲ್ಲಿ, ಆ್ಯಪ್‌ನ ಲೆಕ್ಕಾಚಾರ ತನ್ನ ದುಡಿಮೆಯ ಮೇಲೆ ಹೇಗೆ ಪರಿಣಾಮ ಮಾಡುತ್ತೆ ಅಂತ ಕೇಳಿ ತಿಳಿಯಲು ಡೆಲಿವರಿ ಹುಡುಗನಿಗೆ ದಾರಿ ಇದೆ. ಅದನ್ನೇ ನೇಮಕಾತಿಗೂ ತಂದರೆ ಆಗದೇ? ಸಾಫ್ಟ್‌ವೇರ್ ಸೋಸಿದರೆ ಹಾಗಂತ ಮೊದಲೇ ತಿಳಿಸಲಿ. ಎಷ್ಟು ಹೆಣ್ಣುಮಕ್ಕಳು ಅರ್ಜಿ ಹಾಕಿದರು, ಎಷ್ಟು ಜನ ದಾಟಿದರು ಅಂತ ವರ್ಷಕ್ಕೊಮ್ಮೆ ಲೆಕ್ಕ ಕೊಡಲಿ. ಜಾತಿಯ ಲೆಕ್ಕ ಹೇಗೆ ತೆಗೆಯಬೇಕು ಅನ್ನೋದು ಜಟಿಲವೇ, ಅದನ್ನು ಕಾರ್ಮಿಕ ಇಲಾಖೆ ಕೂತು ಯೋಚಿಸಲಿ. ಮತ್ತೆ ಬೇಡ ಅಂತ ಕಳಿಸುವ ಮೇಲ್‌ನ ಕೊನೆಗೆ ಒಂದು ಫೋನ್ ನಂಬರ್ ಹಾಕಲಿ, ಮನುಷ್ಯರು ಎತ್ತುವಂಥದ್ದು.

ಇಂತಿ,
ಒಬ್ಬ ಜೆರಾಕ್ಸ್ ಅಂಗಡಿಯವ, ತಿಪಟೂರು