ಗೆಳೆಯನಿಗೊಂದು ಪತ್ರ: ವಿಶ್ವಾಸದ ದಾರಿಗೆ ಜೊತೆಗಾರರನ್ನು ಹುಡುಕುವಾಗ

ಪ್ರೀತಿಯ ಗೆಳೆಯಾ,

ವಿಶ್ವಾಸದ ದಾರಿಯಲ್ಲಿ ಜೊತೆಗೆ ನಡೆಯಲು ಒಬ್ಬರು ಬೇಕು, ಯಾರನ್ನು ಕೇಳಲಿ, ಏನೆಂದು ಕೇಳಲಿ ಅಂತ ಬರೆದಿದ್ದೀಯ. ಪ್ರಾರ್ಥನೆ ನಿಂತಿಲ್ಲ, ಒಳಗೆ ಏನು ನಡೆಯುತ್ತಿದೆ ಅನ್ನುವುದು ಮಾತ್ರ ಗೊತ್ತಾಗುತ್ತಿಲ್ಲ ಅಂತಲೂ ಬರೆದಿದ್ದೀಯ. ಆತ್ಮಿಕ ಮಾರ್ಗದರ್ಶಕರ ಬಳಿ ಹೋಗಲು ಇಷ್ಟು ಕಾರಣ ಸಾಕು. ದೊಡ್ಡ ಸಂಕಟವೋ ದೊಡ್ಡ ತೀರ್ಮಾನವೋ ಎದುರಾದ ಮೇಲೆ ಹೋಗೋಣ ಎಂದು ಕಾಯುವವರು ಬಹಳ ಮಂದಿ. ಸಾಧಾರಣ ದಿನಗಳಲ್ಲೇ ಶುರುಮಾಡಿದರೆ, ಸಂಕಟ ಬರುವ ಹೊತ್ತಿಗೆ ನಿನ್ನನ್ನು ಬಲ್ಲವರೊಬ್ಬರು ಆಗಲೇ ಇರುತ್ತಾರೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ನಿನ್ನ ಪರವಾಗಿ ದೇವರ ಚಿತ್ತವನ್ನು ಕಂಡುಹಿಡಿದು ಹೇಳುವವರನ್ನು ಹುಡುಕಬೇಡ. ದೇವರ ಮಾತು ನಿನ್ನ ಕಿವಿಗೇ ಬೀಳುವಂತೆ ನೆರವಾಗುವವರನ್ನು ಹುಡುಕು. 1 ಸಮುವೇಲ 3ನೇ ಅಧ್ಯಾಯ ತೆಗೆದು ಓದು. ರಾತ್ರಿ ಕರೆ ಕೇಳಿದ ಬಾಲಕ ಸಮುವೇಲ ಮೂರು ಸಲ ಮುದಿ ಯಾಜಕ ಏಲಿಯ ಬಳಿ ಓಡಿಬರುತ್ತಾನೆ. ಮೂರನೆಯ ಸಲ ಏಲಿಗೆ ಹೊಳೆಯುತ್ತದೆ. ಆಗಲೂ ಆತ ಆ ಕರೆಯ ಅರ್ಥ ಬಿಡಿಸಲು ಕೂರುವುದಿಲ್ಲ. ಹೋಗಿ ಮಲಗಿಕೋ, ಮತ್ತೆ ಕರೆದರೆ ಹೀಗೆ ಉತ್ತರ ಕೊಡು ಎಂದು ಹುಡುಗನನ್ನು ದೇವರ ಕಡೆಗೇ ಕಳುಹಿಸುತ್ತಾನೆ. ಏಲಿಯ ಮನೆಯಲ್ಲಿ ದೋಷಗಳಿದ್ದವು, ಕಣ್ಣೂ ಮಂಜಾಗಿತ್ತು. ಆದರೂ ಆ ರಾತ್ರಿ ಮಾಡಬೇಕಾದದ್ದನ್ನು ಸರಿಯಾಗಿ ಮಾಡಿದ. ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ‘ಆಧ್ಯಾತ್ಮಿಕ ಅಭ್ಯಾಸಗಳು’ ಎಂಬ ತಮ್ಮ ಪುಸ್ತಕದ 15ನೇ ಸೂಚನೆಯಲ್ಲಿ ಬರೆದಿರುವುದೂ ಇದನ್ನೇ: ಈ ಪ್ರಾರ್ಥನೆಯ ಅಭ್ಯಾಸಗಳನ್ನು ಮಾಡಿಸುವವರು ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಲ್ಲಬೇಕು, ಸೃಷ್ಟಿಕರ್ತ ತನ್ನ ಸೃಷ್ಟಿಯ ಜೊತೆ ನೇರವಾಗಿ ವ್ಯವಹರಿಸಲು ಬಿಡಬೇಕು.

ಬೇರೆ ಬೇರೆ ನೆರವುಗಳನ್ನು ಒಂದರೊಳಗೊಂದು ಬೆರೆಸಿಕೊಳ್ಳಬೇಡ. ಪಾಪನಿವೇದನೆಯಲ್ಲಿ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುತ್ತೀಯ. ಅಲ್ಲಿ ಕೇಳಿದ್ದನ್ನು ಗುರುಗಳು, ಅಂದರೆ ಪಾದ್ರಿಗಳು, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 983ನೇ ವಿಧಿ ಅದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಮಾರ್ಗದರ್ಶನದಲ್ಲಿ ಪಾಪದ ಜೊತೆಗೆ ಸಂತೋಷ, ಬೇಸರ, ಆಸೆ, ಭಯ, ಪ್ರಾರ್ಥನೆಯಲ್ಲಿ ಬಂದ ನಿದ್ದೆ, ಎಲ್ಲವೂ ಬರುತ್ತದೆ. ಅಲ್ಲಿನ ಮಾತೂ ಗುಟ್ಟಾಗಿಯೇ ಉಳಿಯಬೇಕು, ಆದರೆ ಆ ಗುಟ್ಟಿಗೆ ಪಾಪನಿವೇದನೆಯ ಗುಟ್ಟಿಗಿರುವಂಥ ಸಂಸ್ಕಾರದ ಮುದ್ರೆ ಇರುವುದಿಲ್ಲ. ಮಗುವಿಗೆ ಹಾನಿ, ಯಾರದಾದರೂ ಜೀವಕ್ಕೆ ಅಪಾಯ ಎಂಬಂಥ ವಿಷಯ ಬಂದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕೆಂಬ ಕಾನೂನು ಎಷ್ಟೋ ಕಡೆ ಇದೆ. ಗುಟ್ಟಿನ ಗಡಿ ಎಲ್ಲಿಯವರೆಗೆ ಎಂದು ಮೊದಲ ದಿನವೇ ಕೇಳಿಬಿಡು. ಇನ್ನು ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕು ಬೇಡವೆನ್ನಿಸುತ್ತಿದೆ ಎಂದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಒಳ್ಳೆಯ ಮಾರ್ಗದರ್ಶಕರು ತಾವೇ ಹಾಗೆಂದು ಕಳುಹಿಸುತ್ತಾರೆ. ಪ್ರಾರ್ಥನೆ ಸಾಕು, ಮಾತ್ರೆ ಬಿಡು ಅನ್ನುವವರ ಬಳಿ ಎರಡನೆಯ ಸಲ ಹೋಗಬೇಡ.

ಯಾರನ್ನು ಕೇಳಬೇಕು? ಗುರುಗಳೇ ಆಗಬೇಕೆಂದಿಲ್ಲ. ಇಗ್ನೇಷಿಯಸ್ ಗುರುದೀಕ್ಷೆ ಪಡೆದದ್ದು 1537ರಲ್ಲಿ. ಅದಕ್ಕೆ ವರ್ಷಗಳ ಮುಂಚೆಯೇ, ಇನ್ನೂ ಸಾಮಾನ್ಯ ವಿಶ್ವಾಸಿಯಾಗಿದ್ದಾಗಲೇ, ಜನರಿಗೆ ಅಭ್ಯಾಸಗಳನ್ನು ಕೊಡುತ್ತಿದ್ದರು. ಈಜಿಪ್ಟಿನ ಮರುಭೂಮಿಯಲ್ಲಿ ನಾಲ್ಕನೇ ಶತಮಾನದಲ್ಲಿ ಜನ ಒಂದು ಮಾತಿಗಾಗಿ ಹುಡುಕಿಕೊಂಡು ಹೋದ ಹಿರಿಯರಲ್ಲಿ ಬಹುಪಾಲು ಗುರುಗಳಲ್ಲದವರು, ಅವರಲ್ಲಿ ಸಿಂಕ್ಲೆಟಿಕಾಳಂಥ ತಾಯಂದಿರೂ ಇದ್ದರು. ಸಿಸ್ಟರ್, ಬ್ರದರ್, ಸಭಾಪಾಲಕರು, ತರಬೇತಿ ಪಡೆದ ಗೃಹಸ್ಥರು, ಯಾರಾದರೂ ಆಗಬಹುದು. ಧ್ಯಾನಕೇಂದ್ರಗಳಲ್ಲಿ, ಯೇಸುಸಭೆಯ ಅಥವಾ ಕಾರ್ಮೆಲ್ ಸಭೆಯ ಮನೆಗಳಲ್ಲಿ, ಧರ್ಮಕ್ಷೇತ್ರದ ಕಚೇರಿಯಲ್ಲಿ ವಿಚಾರಿಸು. ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಯಾರ ಪ್ರಾರ್ಥನೆ ಅವರನ್ನು ವರ್ಷಗಳಲ್ಲಿ ಮೃದುವಾಗಿಸಿದೆ, ಸತ್ಯವಂತರಾಗಿಸಿದೆ ಎಂದು ನಿನಗೆ ಕಾಣುತ್ತದೋ ಅವರನ್ನು ಕೇಳು: "ನೀವು ಯಾರ ಬಳಿ ಹೋಗುತ್ತೀರಿ?"

ಸಂತ ಫ್ರಾನ್ಸಿಸ್ ಡಿ ಸೇಲ್ಸ್ 1609ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಮಾರ್ಗದರ್ಶಕರಿಗೆ ಪ್ರೀತಿ, ಅರಿವು, ವಿವೇಕ ಮೂರೂ ಬೇಕೆನ್ನುತ್ತಾರೆ. ಅಂಥವರು ಹತ್ತು ಸಾವಿರದಲ್ಲಿ ಒಬ್ಬರು ಎಂದೂ ಸೇರಿಸುತ್ತಾರೆ. ಹೆದರಬೇಡ. ಎಚ್ಚರದಿಂದ ಆರಿಸು ಎಂಬುದಷ್ಟೇ ಅದರ ತಾತ್ಪರ್ಯ. ಈ ಮೂರರಲ್ಲಿ ನಮ್ಮ ಜನ ಮರೆಯುವುದು ಅರಿವನ್ನು. ಭಕ್ತಿಯಿದ್ದರೆ ಸಾಕು ಅಂದುಕೊಳ್ಳುತ್ತೇವೆ. ಆವಿಲಾದ ಸಂತ ತೆರೇಸಾ ಅದನ್ನು ಒಪ್ಪುವುದಿಲ್ಲ. ಅರೆಬರೆ ಕಲಿತವರಿಂದ ತಮ್ಮ ಆತ್ಮಕ್ಕೆ ಬಹಳ ಹಾನಿಯಾಯಿತು, ನಿಜವಾಗಿ ಕಲಿತವರು ತಮ್ಮನ್ನೆಂದೂ ದಾರಿ ತಪ್ಪಿಸಲಿಲ್ಲ ಎಂದು ಆತ್ಮಕಥೆಯಲ್ಲಿ ನೇರವಾಗಿ ಬರೆದಿದ್ದಾರೆ. ಹಾಗಾಗಿ ತರಬೇತಿ ಎಲ್ಲಿ ಆಯಿತೆಂದು ಕೇಳಲು ಸಂಕೋಚ ಬೇಡ.

ನಿನ್ನ ಮೇಲೆ ಅಧಿಕಾರ ಇರುವವರನ್ನು ಆರಿಸಬೇಡ. ನಿನಗೆ ಕೆಲಸ ಕೊಟ್ಟವರು, ನಿನ್ನ ಬಗ್ಗೆ ವರದಿ ಬರೆಯುವವರು, ನೀನು ಸೇವೆ ಮಾಡುವ ಧರ್ಮಕೇಂದ್ರದ ಮುಖ್ಯಸ್ಥರು, ಇವರೆಲ್ಲ ಎಷ್ಟೇ ಒಳ್ಳೆಯವರಾದರೂ ಅವರ ಮುಂದೆ ನಾಲಿಗೆ ತಾನಾಗಿ ಹಿಂಜರಿಯುತ್ತದೆ. ಧರ್ಮಸಭೆಗೂ ಇದು ಗೊತ್ತು. ಗುರುಗಳಾಗಲು ಸೆಮಿನರಿಯಲ್ಲಿ ಓದುವ ವಿದ್ಯಾರ್ಥಿಗೆ ದೀಕ್ಷೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವಾಗ ಅವನ ಆತ್ಮಿಕ ನಿರ್ದೇಶಕರ ಅಭಿಪ್ರಾಯವನ್ನಾಗಲಿ, ಪಾಪನಿವೇದನೆ ಕೇಳಿದವರ ಅಭಿಪ್ರಾಯವನ್ನಾಗಲಿ ಕೇಳಲೇಬಾರದು ಎನ್ನುತ್ತದೆ ಅದೇ ಕಾನೂನು ಸಂಹಿತೆಯ 240ನೇ ವಿಧಿ. ಗಂಡ, ಹೆಂಡತಿ, ಅತ್ಯಾಪ್ತ ಸ್ನೇಹಿತ ಕೂಡ ಈ ಕೆಲಸಕ್ಕೆ ಆಗುವುದಿಲ್ಲ. ನಿನ್ನ ತೀರ್ಮಾನದಿಂದ ಅವರ ಬದುಕೂ ಬದಲಾಗುತ್ತದೆ, ಮತ್ತೆ ಅವರು ನಡುವೆ ನಿಲ್ಲುವುದು ಹೇಗೆ?

ಮೊದಲ ಸಂದೇಶ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು: "ನನ್ನ ಪ್ರಾರ್ಥನೆಯ ಬದುಕಿನ ಬಗ್ಗೆ ತಿಂಗಳಿಗೊಮ್ಮೆ ಒಂದು ಗಂಟೆ ಮಾತಾಡಲು ಮಾರ್ಗದರ್ಶಕರನ್ನು ಹುಡುಕುತ್ತಿದ್ದೇನೆ. ನಿಮಗೆ ಬಿಡುವಿದ್ದರೆ ಒಮ್ಮೆ ಭೇಟಿಯಾಗಿ ಮಾತಾಡೋಣವೇ? ಆಗುವುದಿಲ್ಲವಾದರೆ ಬೇರೆ ಯಾರನ್ನಾದರೂ ಸೂಚಿಸುತ್ತೀರಾ?" ಕೊನೆಯ ವಾಕ್ಯ ಬಿಡಬೇಡ. ಇಲ್ಲವೆನ್ನಲು ಅವರಿಗೆ ಸುಲಭವಾಗುತ್ತದೆ, ನಿನಗೂ ಇನ್ನೊಂದು ಹೆಸರು ಸಿಗುತ್ತದೆ. ಜೀವನಚರಿತ್ರೆಯನ್ನೆಲ್ಲ ಸಂದೇಶದಲ್ಲಿ ಸುರಿಯಬೇಡ.

ಮೊದಲ ಭೇಟಿಯಲ್ಲಿ ಅವರು ನಿನ್ನನ್ನು ಅರಿಯುವಷ್ಟೇ ನೀನೂ ಅವರನ್ನು ಅರಿಯಬೇಕು. ಅವರಿಗೂ ಒಬ್ಬ ಮಾರ್ಗದರ್ಶಕರಿದ್ದಾರೆಯೇ? ಈ ಸೇವೆಯನ್ನು ಹೇಗೆ ಮಾಡುತ್ತಿದ್ದೇನೆಂದು ತಾವೇ ಹೋಗಿ ಪರಿಶೀಲಿಸಿಕೊಳ್ಳುವ ಹಿರಿಯರೊಬ್ಬರಿದ್ದಾರೆಯೇ? ಇವೆರಡಕ್ಕೂ ಇಲ್ಲವೆಂದರೆ ನಾನಾದರೆ ಮುಂದುವರಿಯುವುದಿಲ್ಲ. ಯಾರಿಗೂ ಉತ್ತರ ಕೊಡಬೇಕಿಲ್ಲದವರು ಮೆಲ್ಲಮೆಲ್ಲಗೆ ತಮ್ಮ ಅನಿಸಿಕೆಯನ್ನೇ ದೇವರ ಮಾತೆಂದು ನಂಬತೊಡಗುತ್ತಾರೆ. ಭೇಟಿಯ ಜಾಗ, ಎಷ್ಟು ಹೊತ್ತು, ಎಷ್ಟು ದಿನಕ್ಕೊಮ್ಮೆ, ಕಾಣಿಕೆ ಕೊಡಬೇಕೇ ಎಂಬುದನ್ನೂ ಆಗಲೇ ಕೇಳು. ಕೆಲವರು ಏನೂ ತೆಗೆದುಕೊಳ್ಳುವುದಿಲ್ಲ, ಕೆಲವರಿಗೆ ಇದೇ ಜೀವನೋಪಾಯ, ಎರಡರಲ್ಲೂ ತಪ್ಪಿಲ್ಲ. ಮೂರು ನಾಲ್ಕು ಭೇಟಿ ನೋಡಿ ಆಮೇಲೆ ನಿರ್ಧರಿಸೋಣ ಎಂದು ಇಬ್ಬರೂ ಒಪ್ಪಿಕೊಳ್ಳಿ.

ಆ ಮೂರು ನಾಲ್ಕು ಭೇಟಿಗಳಲ್ಲಿ ಏನು ಗಮನಿಸಬೇಕು? ಭೇಟಿ ಮುಗಿಸಿ ಹೊರಬಂದಾಗ ಪ್ರಾರ್ಥನೆ ಮಾಡಬೇಕು ಅನ್ನಿಸುತ್ತದೆಯೇ, ಅಥವಾ ಮತ್ತೆ ಅವರನ್ನೇ ನೋಡಬೇಕು ಅನ್ನಿಸುತ್ತದೆಯೇ? ಮೊದಲನೆಯದಾದರೆ ಒಳ್ಳೆಯ ಗುರುತು. ಅವರು ಮಾತಾಡಿದ ಹೊತ್ತು ನಿನ್ನ ಮಾತಿಗಿಂತ ಕಡಿಮೆ ಇತ್ತೇ? ಮೌನವನ್ನು ಸಹಿಸಿದರೇ? ಲೂಕ 24ರಲ್ಲಿ ಎಮ್ಮಾಹುವಿನ ದಾರಿಯಲ್ಲಿ ಯೇಸು ಮೊದಲು ಮಾಡಿದ್ದು ಪ್ರಶ್ನೆ ಕೇಳುವುದು. ಅಲ್ಲಿ ನಡೆಯುತ್ತಿದ್ದ ಇಬ್ಬರು ಶಿಷ್ಯರು ತಮ್ಮ ನಿರಾಸೆಯನ್ನೆಲ್ಲ ಹೇಳಿ ಮುಗಿಸಿದ ಮೇಲಷ್ಟೇ ಶಾಸ್ತ್ರವನ್ನು ಬಿಡಿಸಿ ಹೇಳಿದ್ದು. ಈ ಕ್ರಮ ತಲೆಕೆಳಗಾದ ಕಡೆ, ಅಂದರೆ ನಿನ್ನ ಎರಡನೇ ವಾಕ್ಯಕ್ಕೇ ವಚನ ಎತ್ತಿ ಕೊಡುವ ಕಡೆ, ಹೆಚ್ಚು ದಿನ ಇರಬೇಡ.

ಸಾಮಾನ್ಯವಾಗಿ ಭೇಟಿ 45 ನಿಮಿಷದಿಂದ ಒಂದು ಗಂಟೆ. ಎರಡು ಮೂರು ನಿಮಿಷ ಮೌನ, ಆಮೇಲೆ ನೀನು ಮಾತು ಶುರುಮಾಡುತ್ತೀಯ, ಕೊನೆಗೆ ಚಿಕ್ಕ ಪ್ರಾರ್ಥನೆ. ತಿಂಗಳಿಗೊಮ್ಮೆ ಸಾಕು. ಹತ್ತಿರ ಹತ್ತಿರ ಭೇಟಿಯಾದರೆ ನಡುವೆ ಪ್ರಾರ್ಥನೆಯಲ್ಲಿ ಏನೂ ಮಾಗುವುದಿಲ್ಲ, ಆ ವಾರದ ಸುದ್ದಿಯೇ ಮಾತಾಗುತ್ತದೆ. ದೂರದವರಾದರೆ ವಿಡಿಯೋ ಕರೆ ನಡೆಯುತ್ತದೆ. ಬಾಗಿಲು ಹಾಕಿದ ಕೋಣೆ, ಇಯರ್‌ಫೋನ್, ಕರೆ ಮುಗಿದ ತಕ್ಷಣ ಬೇರೆ ಕೆಲಸವಿಲ್ಲದ ಹತ್ತು ನಿಮಿಷ ಇಟ್ಟುಕೋ.

ತಯಾರಿಯಿಲ್ಲದೆ ಹೋದರೆ ಆ ಗಂಟೆ ಹರಟೆಯಲ್ಲಿ ಕಳೆದುಹೋಗುತ್ತದೆ. ಒಂದು ಪುಸ್ತಕ ಇಟ್ಟುಕೊಂಡು ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಬರೆ: ಯಾವ ಮಾತು ತಟ್ಟಿತು, ಮನಸ್ಸು ಎಲ್ಲಿ ಅರಳಿತು, ಎಲ್ಲಿ ಮುದುಡಿತು, ಯಾವುದನ್ನು ದಾಟಿಸಿ ಮುಂದೆ ಹೋದೆ. ರಾತ್ರಿ ಹತ್ತು ಹದಿನೈದು ನಿಮಿಷ ಇಗ್ನೇಷಿಯಸ್ ಕಲಿಸಿದ ಐದು ಹೆಜ್ಜೆಯ ಆತ್ಮಶೋಧನೆ ಮಾಡು. ಪಡೆದದ್ದಕ್ಕೆ ಕೃತಜ್ಞತೆ, ನೋಡಲು ಬೆಳಕಿನ ಬೇಡಿಕೆ, ದಿನವನ್ನು ಗಂಟೆಗಂಟೆಯಾಗಿ ತಿರುಗಿ ನೋಡುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ನಿರ್ಧಾರ. ಮೊದಲ ಹೆಜ್ಜೆಯನ್ನು ಅವಸರದಲ್ಲಿ ಮುಗಿಸುವವರಿಗೆ ಇದು ಬರೀ ತಪ್ಪಿನ ಲೆಕ್ಕವಾಗಿ ಕೆಲವೇ ವಾರದಲ್ಲಿ ನಿಂತುಹೋಗುತ್ತದೆ. ಭೇಟಿಯ ಹಿಂದಿನ ದಿನ ಅರ್ಧ ಗಂಟೆ ಕೂತು ಪುಸ್ತಕ ಓದಿ, ಒಂದೋ ಎರಡೋ ವಿಷಯ ಮಾತ್ರ ಆರಿಸಿಕೋ.

ಆರಿಸುವಾಗ "ಇದನ್ನು ಹೇಳುವುದು ಬೇಡ" ಅನ್ನಿಸಿದ ವಿಷಯ ಒಂದಿರುತ್ತದೆ. ಬಹುತೇಕ ಸಲ ಹೇಳಬೇಕಾದದ್ದು ಅದನ್ನೇ. ವೈರಿಯ, ಅಂದರೆ ಸೈತಾನನ, ತಂತ್ರ ಗುಟ್ಟಿನಲ್ಲಿದೆ, ವಿವೇಕಿಯೊಬ್ಬರಿಗೆ ಬಾಯಿಬಿಟ್ಟು ಹೇಳಿದೊಡನೆ ಅದು ಸೋಲುತ್ತದೆ ಎನ್ನುತ್ತಾರೆ ಇಗ್ನೇಷಿಯಸ್. ಮನಸ್ಸಿಗೆ ಬರುವ ಯೋಚನೆಗಳನ್ನು ಹಿರಿಯರ ಮುಂದೆ ಇಡಬೇಕೆಂದು ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮವೂ ಹೇಳುತ್ತದೆ. ಹಾಗೆಂದು ಎಲ್ಲ ಪಾಪಗಳ ವಿವರ ಕೊಡಬೇಕಾಗಿಲ್ಲ. ಅದನ್ನು ಕೆದಕಿ ಕೇಳಬಾರದು, ಒಳಗಿನ ಎಳೆತಗಳನ್ನು ತಿಳಿದರೆ ಸಾಕು ಎಂದು ಇಗ್ನೇಷಿಯಸರ 17ನೇ ಸೂಚನೆ ಮಾರ್ಗದರ್ಶಕರನ್ನೇ ತಡೆಯುತ್ತದೆ.

ಶುಷ್ಕ ದಿನಗಳು ಬರುತ್ತವೆ. ಪ್ರಾರ್ಥನೆ ಮರಳಿನಂತಾಗುತ್ತದೆ, ಆಗ ಮೊದಲು ರದ್ದಾಗುವುದು ಭೇಟಿಯೇ: "ಹೇಳಲು ಏನೂ ಇಲ್ಲ, ಮುಂದಿನ ತಿಂಗಳು ಬರುತ್ತೇನೆ." ಹೋಗು, ಏನೂ ಇಲ್ಲವೆಂದೇ ಹೇಳು. ಶುಷ್ಕತೆಯ ಹೊತ್ತಿನಲ್ಲಿ ಮುಂಚಿನ ತೀರ್ಮಾನ ಬದಲಿಸಬಾರದೆಂಬ ಇಗ್ನೇಷಿಯಸರ ನಿಯಮ ಮಾರ್ಗದರ್ಶಕರನ್ನು ಬದಲಿಸುವುದಕ್ಕೂ ಸಲ್ಲುತ್ತದೆ.

ಮಾರ್ಗದರ್ಶಕರ ಕಡೆಯಿಂದ ಕೆಡುವುದೂ ಉಂಟು. ಮರುಭೂಮಿಯ ಹಿರಿಯರ ಮಾತುಗಳನ್ನು ಬರೆದಿಟ್ಟ ಸನ್ಯಾಸಿ ಯೋವಾನ್ನ ಕ್ಯಾಸಿಯನ್ ಒಂದು ಪ್ರಸಂಗ ಬರೆದಿದ್ದಾರೆ. ಕಾಮದ ಯೋಚನೆಗಳಿಂದ ಬಳಲಿದ ತರುಣನೊಬ್ಬ ಹಿರಿಯ ಸನ್ಯಾಸಿಯ ಬಳಿ ಹೇಳಿಕೊಂಡಾಗ ಆ ಹಿರಿಯ ಗದರಿ, ನೀನು ಸನ್ಯಾಸಿ ಎನ್ನಿಸಿಕೊಳ್ಳಲೇ ಅರ್ಹನಲ್ಲ ಅಂದ. ತರುಣ ಹತಾಶನಾಗಿ ಮಠದ ಬದುಕನ್ನೇ ಬಿಟ್ಟು ಹೊರಟ. ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಹಿರಿಯ ಸನ್ಯಾಸಿ ಅಬ್ಬಾ (ಅಂದರೆ ತಂದೆ) ಅಪೊಲ್ಲೊ, ಇಂಥ ಯೋಚನೆ ಈ ವಯಸ್ಸಿನ ನನ್ನನ್ನೂ ಕಾಡುತ್ತದೆ ಎಂದು ಸಂತೈಸಿ ವಾಪಸು ಕಳುಹಿಸಿದರು. ನರೆತ ತಲೆಯೊಂದೇ ಅರ್ಹತೆಯಲ್ಲ ಎಂದು ತೋರಿಸಲು ಕ್ಯಾಸಿಯನ್ ಇದನ್ನು ಹೇಳುತ್ತಾರೆ. ಇನ್ನು ಕೆಲವರು ತಮಗೆ ಒಗ್ಗಿದ ಪ್ರಾರ್ಥನೆಯನ್ನೇ ಎಲ್ಲರ ಮೇಲೂ ಹೇರುತ್ತಾರೆ. ದೇವರು ಮೌನಕ್ಕೆ ಕರೆಯುತ್ತಿರುವವರನ್ನು ಮತ್ತೆ ಮಾತಿನ ಧ್ಯಾನಕ್ಕೆ ಎಳೆಯುವ ಇಂಥವರನ್ನು ಶಿಲುಬೆಯ ಸಂತ ಯೋವಾನ್ನರು ಕುರುಡು ಮಾರ್ಗದರ್ಶಕರೆಂದೇ ಕರೆದರು. "ನೀನು ಇಂಥವರನ್ನು ಮದುವೆಯಾಗಬೇಕೆಂದು ದೇವರು ನನಗೆ ತಿಳಿಸಿದ್ದಾರೆ" ಎನ್ನುವುದು, ಮನೆಯವರಿಂದ ದೂರ ಮಾಡುವುದು, ಸಾಲ ಕೇಳುವುದು, ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ, ಬೇಡದ ಸ್ಪರ್ಶ, ನಮ್ಮ ಭೇಟಿಯ ವಿಷಯ ಯಾರಿಗೂ ಹೇಳಬೇಡ ಎನ್ನುವುದು: ಇವುಗಳಲ್ಲಿ ಒಂದು ಕಂಡರೂ ಹೊರಟುಬಿಡು, ಜವಾಬ್ದಾರರಿಗೆ ತಿಳಿಸು. ಗುಟ್ಟು ಕಾಪಾಡಬೇಕಾದವರು ಅವರು. ನಿನ್ನ ಬಾಯಿಗೆ ಬೀಗವಿಲ್ಲ.

ಯಾರೂ ಸಿಗದಿದ್ದರೆ ಮೂವರು ಸೇರಿ. ಒಬ್ಬರು ಹತ್ತು ನಿಮಿಷ ಮಾತಾಡಲಿ, ಮೂರು ನಿಮಿಷ ಮೌನ, ಆಮೇಲೆ ಉಳಿದಿಬ್ಬರು ಹತ್ತು ನಿಮಿಷ ಪ್ರಶ್ನೆಗಳನ್ನಷ್ಟೇ ಕೇಳಲಿ, ಮತ್ತೆ ಸ್ವಲ್ಪ ಮೌನ. ಹೀಗೆ ಮೂರು ಸುತ್ತಿಗೆ ಒಂದೂವರೆ ಗಂಟೆ ಸಾಕು. ಸಲಹೆ ಕೊಡಬಾರದು ಎಂಬ ನಿಯಮ ಸಡಿಲವಾದ ದಿನ ಕೂಟ ಕೆಡುತ್ತದೆ, ಆದ್ದರಿಂದ ಸಮಯ ನೋಡುವ ಕೆಲಸ, ನಿಯಮ ನೆನಪಿಸುವ ಕೆಲಸ ಸರದಿಯಲ್ಲಿ ಒಬ್ಬೊಬ್ಬರಿಗಿರಲಿ. 12ನೇ ಶತಮಾನದಲ್ಲಿ ಇಂಗ್ಲೆಂಡಿನ ರೀವೋ ಮಠದ ಅಧಿಪತಿ ಏಲ್ರೆಡ್ ಆತ್ಮಿಕ ಸ್ನೇಹದ ಬಗ್ಗೆ ಬರೆಯುವಾಗ, ಆರಿಸಿದ ಗೆಳೆಯನನ್ನು ಒಪ್ಪಿಕೊಳ್ಳುವ ಮುಂಚೆ ನಿಷ್ಠೆ, ಉದ್ದೇಶ, ವಿವೇಚನೆ, ತಾಳ್ಮೆ ಈ ನಾಲ್ಕನ್ನೂ ಪರೀಕ್ಷಿಸಬೇಕೆಂದರು. ಆ ಇಬ್ಬರನ್ನು ಆರಿಸುವಾಗ ಇದನ್ನೇ ನೋಡು.

ವರ್ಷಕ್ಕೊಮ್ಮೆ ಇಬ್ಬರೂ ಕೂತು, ಇದು ಮುಂದುವರಿಯಬೇಕೇ ಎಂದು ಮಾತಾಡಿ. ಬಿಡುವುದಾದರೆ ಸುಮ್ಮನೆ ಮಾಯವಾಗಬೇಡ. ಕೊನೆಯ ಭೇಟಿಯೊಂದನ್ನು ಇಟ್ಟುಕೊಂಡು ಏನು ಬೆಳೆಯಿತೆಂದು ಹೇಳಿ, ವಂದಿಸಿ ಬಾ. ಅದೆಲ್ಲ ಆಮೇಲಿನ ಮಾತು. ಈಗ ಎರಡು ಹೆಸರು ಬರೆದಿಟ್ಟುಕೋ, ಮೊದಲನೆಯವರಿಗೆ ಈ ವಾರವೇ ಸಂದೇಶ ಕಳುಹಿಸು. ಕಳುಹಿಸುವ ಮುಂಚೆ ನನಗೊಮ್ಮೆ ತೋರಿಸಬೇಕು ಅನ್ನಿಸಿದರೆ ತೋರಿಸು, ಅವತ್ತೇ ಓದಿ ಹೇಳುತ್ತೇನೆ.

ಪ್ರಾರ್ಥನೆಯಲ್ಲಿ ನೆನೆಯುತ್ತಾ,
ನಿನ್ನ ಗೆಳೆಯ