ನಾಯ್ಕ ಎಂದರೆ ಹುದ್ದೆಯೋ, ಅಡ್ಡಹೆಸರೋ?

ಮಾನ್ಯ ಸಂಪಾದಕರೇ,

ಎರಡು ಮಹಾಯುದ್ಧಗಳಿಗೆ ಹೋಗಿ ಮರಳದ ನಮ್ಮ ಉತ್ತರ ಕನ್ನಡ ಜಿಲ್ಲೆಯವರ ಹೆಸರನ್ನು ತಾಲೂಕಿಗೊಂದು ಕಲ್ಲಿನಲ್ಲಿ ಕೆತ್ತಿಸಬೇಕೆಂಬ ಮಾತು ಆಗಾಗ ಎದ್ದು ತಣ್ಣಗಾಗುತ್ತದೆ. ಕಲ್ಲು ಸಿಗುತ್ತದೆ, ಕೆತ್ತುವವರೂ ಸಿಗುತ್ತಾರೆ. ಸಿಗದಿರುವುದು ಸರಿಯಾದ ಪಟ್ಟಿ. ಮೊಬೈಲಿನಿಂದ ಮೊಬೈಲಿಗೆ ಹಾರುವ ಪಟ್ಟಿಯನ್ನೇ ಕಲ್ಲಿಗೆ ಇಳಿಸಿದರೆ ಒಬ್ಬರ ಅಜ್ಜನ ಹೆಸರಿನಲ್ಲಿ ಇನ್ನೊಬ್ಬರ ಅಜ್ಜನ ಸಾವು ಕೆತ್ತಿಹೋಗುತ್ತದೆ. ಕಾಗದದ ತಪ್ಪಿಗೆ ಗೀಟು ಹಾಕಬಹುದು, ಕಲ್ಲಿನದ್ದಕ್ಕೆ ಆಗದು.

ಈ ಕೆಲಸದ ರೀತಿ-ನೀತಿಯನ್ನು ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಚೆನ್ನಾಗಿ ಪಳಗಿಸಿಟ್ಟಿದ್ದಾರೆ. ಅಲ್ಲಿ ಪ್ಯಾರಿಷ್ ಎಂಬ ಚರ್ಚಿನ ವ್ಯಾಪ್ತಿಗೊಂದು ಸ್ಮಾರಕ ಇರುವುದು ಸಾಮಾನ್ಯ. ಮೊದಲ ಯುದ್ಧ ಮುಗಿದ ಮೇಲೆ ಊರವರೇ ಸಮಿತಿ ಮಾಡಿ, ಮನೆಮನೆ ಕೇಳಿ, ಚಂದಾ ಎತ್ತಿ ನಿಲ್ಲಿಸಿದವು. ಯಾರ ಹೆಸರು ಸೇರಬೇಕೆಂಬ ಸರ್ಕಾರಿ ನಿಯಮ ಇರಲಿಲ್ಲ. ಹಾಗಾಗಿ ಒಬ್ಬನೇ ಎರಡು ಊರಿನ ಕಲ್ಲಿನಲ್ಲಿ ಇರುತ್ತಾನೆ. ಇನ್ನೊಬ್ಬ ಎಲ್ಲೂ ಇರುವುದಿಲ್ಲ. ಅವರದು ಕಲ್ಲಿನಿಂದ ಮನುಷ್ಯನತ್ತ ನಡೆಯುವ ದಾರಿ, ನಮ್ಮದು ಮನುಷ್ಯನಿಂದ ಕಲ್ಲಿನತ್ತ. ಎಡವುವ ಜಾಗಗಳು ಮಾತ್ರ ಒಂದೇ.

ಕಲ್ಲಿನಲ್ಲಿ ‘ಜೆ. ಮೆಕೆಂಜಿ, ಸೀಫೋರ್ಥ್ ಹೈಲ್ಯಾಂಡರ್ಸ್’ ಎಂದು ಹೆಸರು ಮತ್ತು ರೆಜಿಮೆಂಟ್ ಅಷ್ಟೇ ಇದೆ ಎನ್ನಿ. ಮೊದಲ ಕೆಲಸ ಅದನ್ನು ತಪ್ಪು ಸಮೇತ ಇದ್ದಂತೆಯೇ ಬರೆದುಕೊಳ್ಳುವುದು. ಅಕ್ಷರ ಸವೆದಿದ್ದರೆ ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯುತ್ತಾರೆ. ಸೀಮೆಸುಣ್ಣ ತಿಕ್ಕುವುದು, ತಂತಿಬ್ರಷ್ ಹಾಕುವುದು ಎರಡೂ ಕಲ್ಲಿಗೆ ಕೇಡು. ಆಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ (ಎರಡೂ ಯುದ್ಧಗಳಲ್ಲಿ ಮಡಿದವರ ದಾಖಲೆ ಇಟ್ಟಿರುವ ಸಂಸ್ಥೆ) ಜಾಲತಾಣದಲ್ಲಿ ಹುಡುಕಿದರೆ ಆ ಹೆಸರಿನವರು ರಾಶಿ ರಾಶಿ ಬರುತ್ತಾರೆ. ಸ್ಕಾಟರ ಹಳೆಯ ಪದ್ಧತಿಯಲ್ಲಿ ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದಿಲ್ಲವೇ, ಅದೇ ಕಥೆ. ದಾಯಾದಿಗಳ ಮೂರು ಮನೆಯಲ್ಲಿ ಒಂದೇ ಹೆಸರಿನ ಮೂವರು. ಅದಕ್ಕೇ ಹೆಸರು ಹೊಂದಿದೊಡನೆ ‘ಸಿಕ್ಕಿದ’ ಎಂದು ಕುಣಿಯುವುದಿಲ್ಲ. ತಂದೆ-ತಾಯಿಯ ಹೆಸರು, ಮನೆಯ ವಿಳಾಸ ಹೊಂದುವವರೆಗೆ ಆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ.

ಆ ಹೊಂದಾಣಿಕೆಗೆ ಅವರ ಬಳಿ ದಾಖಲೆ ಸಮೃದ್ಧ. 1855ರಿಂದ ಕಡ್ಡಾಯ ಜನನ-ಮರಣ ನೋಂದಣಿ. ಜನನದ ದಾಖಲೆಯಲ್ಲಿ ತಾಯಿಯ ತವರಿನ ಅಡ್ಡಹೆಸರು, ತಂದೆ-ತಾಯಿಯ ಮದುವೆಯ ದಿನ ಮತ್ತು ಊರು ಕೂಡ ಇರುತ್ತದೆ. ಹತ್ತು ವರ್ಷಕ್ಕೊಮ್ಮೆ ಮನೆವಾರು ಜನಗಣತಿ. ಸೈನಿಕರು ಬರೆದಿಟ್ಟ ಉಯಿಲುಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಸತ್ತವನಿಗೆ ಬರಬೇಕಾದ ಸಂಬಳ ಯಾರ ಕೈಸೇರಿತೆಂಬ ಲೆಕ್ಕದ ಪುಸ್ತಕವೂ ಉಳಿದಿದೆ; ಹಣ ತಾಯಿಗೆ ಹೋಯಿತೋ ಹೆಂಡತಿಗೋ ಎಂಬ ಒಂದೇ ಸಾಲು ಎಷ್ಟೋ ಗೊಂದಲ ಬಿಡಿಸುತ್ತದೆ. ಇಷ್ಟಿದ್ದೂ ಸೈನಿಕನ ಸ್ವಂತ ಕಡತ ಸಿಗುವುದು ಅದೃಷ್ಟ: 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಲಂಡನ್ನಿನ ಗೋದಾಮು ಹೊತ್ತಿ, ಮೊದಲ ಯುದ್ಧದ ಸಾಮಾನ್ಯ ಸೈನಿಕರ ಕಡತಗಳಲ್ಲಿ ಸುಮಾರು 60 ಶೇಕಡಾ ಬೂದಿಯಾದವು. ರೆಜಿಮೆಂಟ್ ನಂಬರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆಗ ನಂಬರು ಇಡೀ ಸೇನೆಗೆ ಒಂದಾಗಿರದೆ ರೆಜಿಮೆಂಟಿಗೊಂದು ಸಾಲಾಗಿತ್ತು. 1917ರಲ್ಲಿ ಟೆರಿಟೋರಿಯಲ್ ಎಂಬ ಅರೆಕಾಲಿಕ ಸೈನಿಕರ ಪಡೆಗೆ ಹೊಸ ನಂಬರು ಕೊಟ್ಟರು. ಒಬ್ಬನಿಗೇ ಎರಡು ನಂಬರು ಕಂಡರೆ ಇಬ್ಬರು ಎಂದುಕೊಳ್ಳಬಾರದು.

ಈಗ ನಮ್ಮ ಕಡೆ ಬರೋಣ. ಉತ್ತರ ಕನ್ನಡದಲ್ಲಿ ಎಲ್ಲರೂ ಮುಗ್ಗರಿಸುವ ಕಲ್ಲು ಒಂದೇ: ನಾಯ್ಕ. ಭಾರತೀಯ ಸೇನೆಯಲ್ಲಿ ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಹುದ್ದೆ ಏರುತ್ತದೆ. 1944ರ ಜುಲೈ 10ರಂದು ಇಟಲಿಯಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಮರಾಠಾ ಪಡೆಯ ಯಶವಂತ ಘಾಡ್ಗೆ ‘ನಾಯಕ್ ಯಶವಂತ ಘಾಡ್ಗೆ’. ಅಲ್ಲಿ ಅದು ಹುದ್ದೆ. ನಮ್ಮಲ್ಲಿ ಅಂಕೋಲೆಯ ನಾಯಕರು, ಭಟ್ಕಳ-ಹೊನ್ನಾವರದ ನಾಯ್ಕರು ಇದ್ದಾರೆ. ಇಂಗ್ಲಿಷಿಗೆ ಹೋದೊಡನೆ ಎಲ್ಲರೂ ಒಂದೇ ಕಾಗುಣಿತವಾಗುತ್ತಾರೆ. ಪಟ್ಟಿಯಲ್ಲಿ ‘ನಾಯಕ್ ರಾಮಾ’ ಎಂದಿದ್ದರೆ ಹುದ್ದೆ ನಾಯಕ್ ಇದ್ದ, ಅಡ್ಡಹೆಸರೇ ನಮೂದಾಗದ ರಾಮನೋ ಅಥವಾ ಸಿಪಾಯಿ ರಾಮಾ ನಾಯ್ಕನೋ? ಹುದ್ದೆಯ ಕಾಲಂ ಬೇರೆ ಇರುವ ಮೂಲ ದಾಖಲೆ ನೋಡದೆ ಹೇಳಲಾಗದು. ಯಾರೋ ನಕಲು ಮಾಡಿದ ಪಟ್ಟಿಯಲ್ಲಿ ಎರಡೂ ಕಾಲಂ ಸೇರಿ ಒಂದಾಗಿರುತ್ತವೆ. ಕೆಟ್ಟುಹೋಗುವುದು ಅಲ್ಲೇ.

ಸಮುದ್ರಕ್ಕೆ ಹೋದವರದೂ ಇದೇ ಪಾಡು. ಹಳೆಯ ಆವಿಹಡಗುಗಳ ಲಾಸ್ಕರ್ ತಂಡದಲ್ಲಿ, ಅಂದರೆ ನಮ್ಮ ಕಡೆಯ ನಾವಿಕರ ತಂಡದಲ್ಲಿ, ಸಾರಂಗ ಮೇಲಾಳು, ಅವನ ಕೆಳಗೆ ತಾಂಡೇಲ, ತಂಡಕ್ಕೆ ಅಡುಗೆ ಮಾಡುವವನು ಭಂಡಾರಿ. ಕಾರವಾರದ ದಂಡೆಯಲ್ಲಿ ತಾಂಡೇಲ, ಭಂಡಾರಿ ಎರಡೂ ಮನೆತನದ ಹೆಸರುಗಳು! ಸಮಿತಿಗಳು ಸೇನೆಯ ಪಟ್ಟಿಯನ್ನಷ್ಟೇ ಕೆದಕಿ ಕೈತೊಳೆದುಕೊಳ್ಳುವುದು ನಮಗೆ ಸರಿಕಾಣುವುದಿಲ್ಲ. ಕರಾವಳಿಯಿಂದ ಬೊಂಬಾಯಿಗೆ ಹೋಗಿ ಹಡಗು ಹತ್ತಿ, ಟಾರ್ಪೆಡೊಗೆ ಸಿಕ್ಕಿ ಮುಳುಗಿದವನು ಸೈನಿಕನಲ್ಲ ನಿಜ, ಯುದ್ಧದಲ್ಲಿ ಸತ್ತವನಂತೂ ಹೌದು. ಮೊದಲ ಯುದ್ಧದಲ್ಲಿ ಕಡಲೇ ಸಮಾಧಿಯಾದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬೈನ ಮಸ್ಜಿದ್ ಬಂದರ್ ಕಡೆಯ ನಾವಿಕರ ವಸತಿಗೃಹದಲ್ಲಿದೆ. ಎರಡನೆಯ ಯುದ್ಧದ ಸುಮಾರು 6,500 ನಾವಿಕರ ಹೆಸರು ಕಲ್ಲಿನಲ್ಲಿಲ್ಲ, ಪುಸ್ತಕದಲ್ಲಿದೆ. ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಚಿತ್ತಗಾಂಗಿನಲ್ಲಿ. ಇವೆರಡೂ ಆಯೋಗದ ಜಾಲತಾಣದಲ್ಲಿ ಪುಕ್ಕಟೆ ಹುಡುಕಲು ಸಿಗುತ್ತವೆ.

ಹುಡುಕುವುದು ಹೇಗೆ? ಹೆಸರಿನಿಂದ ಶುರುಮಾಡಬೇಡಿ, ಊರಿನಿಂದ ಮಾಡಿ. ಜಾಲತಾಣದ ವಿಸ್ತೃತ ಹುಡುಕಾಟದಲ್ಲಿ ‘ಹೆಚ್ಚುವರಿ ಮಾಹಿತಿ’ ಎಂಬ ಜಾಗವಿದೆ. ತಂದೆಯ ಹೆಸರು, ಹಳ್ಳಿ, ತಾಲೂಕು, ಜಿಲ್ಲೆ ದಾಖಲಾಗಿದ್ದರೆ ಅಲ್ಲೇ ಇರುತ್ತದೆ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತದಲ್ಲಿ ಇದ್ದದ್ದರಿಂದ ಮದ್ರಾಸ್, ಮೈಸೂರು ಎಂದು ಹಾಕಿದರೆ ಏನೂ ಬರದು. ‘ಕಾನರಾ’ ಎಂದು ಇಂಗ್ಲಿಷಿನ ಕೆ ಮತ್ತು ಸಿ ಎರಡೂ ಅಕ್ಷರದಲ್ಲಿ ಹಾಕಿ ನೋಡಿ; ಜತೆಗೆ ಬರುವ ದಕ್ಷಿಣ ಕನ್ನಡದವರನ್ನು ಬೇರ್ಪಡಿಸಿ. ಹೊನ್ನಾವರಕ್ಕೆ ಒಂದು ಎನ್, ಎರಡು ಎನ್. ಕುಮಟೆಗೆ ಹಳೆಯ ‘ಕೂಂಪ್ಟಾ’. ಜೋಯ್ಡಾ ಸಿಗುವುದಿಲ್ಲ, ಆಗ ಅದು ಸೂಪಾ. ಅಂಕೋಲೆ ಹುಡುಕುವಾಗ ಮಹಾರಾಷ್ಟ್ರದ ಅಕೋಲಾ, ಶಿರಸಿ ಹುಡುಕುವಾಗ ಹರಿಯಾಣದ ಸಿರ್ಸಾ, ಸಿದ್ದಾಪುರಕ್ಕೆ ಕೊಡಗಿನ ಸಿದ್ದಾಪುರ ನುಸುಳುತ್ತವೆ. ತಾಲೂಕು, ಜಿಲ್ಲೆ ಎರಡೂ ಹೊಂದಿದ ಹೊರತು ಪಟ್ಟಿಗೆ ಸೇರಿಸಕೂಡದು.

ದೆಹಲಿಯ ಇಂಡಿಯಾ ಗೇಟಿನಲ್ಲಿ ಹೆಸರಿಲ್ಲವೆಂದು ನಿರಾಶರಾಗುವವರಿದ್ದಾರೆ. ಅಲ್ಲಿ ಕೆತ್ತಿರುವುದು 13,000ದಷ್ಟು ಹೆಸರು, ಹೆಚ್ಚಿನವು ವಾಯವ್ಯ ಗಡಿ ಮತ್ತು 1919ರ ಅಫ್ಘನ್ ಯುದ್ಧದವು. ಮರಾಠಾ ಪಡೆಗಳವರು ಹೆಚ್ಚು ಸತ್ತದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ. 1916ರ ಏಪ್ರಿಲ್ 29ರಂದು ಕುಟ್‌ನಲ್ಲಿ ಶರಣಾದ ಸೇನೆಯಲ್ಲಿ 103, 110, 117ನೇ ಮರಾಠಾ ಪಡೆಗಳಿದ್ದವು; ಸೆರೆಯಲ್ಲಿ ಸತ್ತವರು ಬಹಳ. ಅಂಥವರಿಗೆ ಬಸ್ರಾ ಸ್ಮಾರಕ ನೋಡಬೇಕು. ಅಲ್ಲಿಯೂ ಅಧಿಕಾರಿಗಳ ಹೆಸರು ಗೋಡೆಯ ಮೇಲೆ, ಭಾರತೀಯ ಸಿಪಾಯಿಗಳದು ಬರೀ ಸಂಖ್ಯೆ, ಹೆಸರು ರಿಜಿಸ್ಟರಿನೊಳಗೆ. 1922ರಲ್ಲಿ ಪಡೆಗಳ ಹೆಸರು ಬದಲಾಯಿತು: 110 ಎಂಬುದೇ ಮುಂದೆ 5ನೇ ಮರಾಠಾ ಲೈಟ್ ಇನ್‌ಫಂಟ್ರಿಯ 3ನೇ ಬೆಟಾಲಿಯನ್. ತಂದೆಯ ಕಾಗದದಲ್ಲಿ 110, ಮಗನದರಲ್ಲಿ 3/5 ಎಂದಿದ್ದರೆ ಇಬ್ಬರೂ ಒಂದೇ ಪಡೆಯವರು. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿದೆ, ಶಿರಸಿಯಿಂದ ಹೋಗಿಬರುವಷ್ಟು ಹತ್ತಿರ. ಇನ್ನೊಂದು ಎಚ್ಚರಿಕೆ: ಲಂಡನ್ನಿನಿಂದ ನಿಮ್ಮ ಮುತ್ತಜ್ಜನ ಕಡತ ತರಿಸಿಕೊಡುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಅಲ್ಲಿ ಹೆಚ್ಚಾಗಿ ಇರುವುದು ಅಧಿಕಾರಿಗಳ ಕಡತ. ಪಂಜಾಬಿನ ಸುಮಾರು 3,20,000 ಸೈನಿಕರ ರಿಜಿಸ್ಟರುಗಳು ಲಾಹೋರಿನಲ್ಲಿ ಉಳಿದು ಬೆಳಕಿಗೆ ಬಂದಿವೆ. ಅವು ಪಂಜಾಬಿನವರಿಗೆ ಮಾತ್ರ.

ನಿಜವಾದ ದಾಖಲೆ ಎಷ್ಟೋ ಸಲ ಅಟ್ಟದ ಪೆಟ್ಟಿಗೆಯಲ್ಲಿರುತ್ತದೆ. ಮೊದಲ ಯುದ್ಧದಲ್ಲಿ ಸತ್ತವರ ಮನೆಗೆ ಬಂದ ಕಂಚಿನ ಬಿಲ್ಲೆ ಸುಮಾರು 12 ಸೆಂಟಿಮೀಟರ್ ಅಗಲ, ಮೇಲೆ ಸಿಂಹ, ನಿಂತ ಹೆಂಗಸು, ಆಯತದೊಳಗೆ ಹೆಸರು. ಹುದ್ದೆ ಬೇಕೆಂದೇ ಹಾಕಿಲ್ಲ, ಸಾವಿನಲ್ಲಿ ಎಲ್ಲರೂ ಸಮ ಎಂದು. ಅಂದರೆ ಬಿಲ್ಲೆಯ ಮೇಲೆ ನಾಯ್ಕ ಎಂದಿದ್ದರೆ ಅದು ಹೆಸರಿನದೇ ಭಾಗ. ಮೇಲಿನ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆಲ್ಲೂ ಸಿಗದು. ಪೂಜೆಯ ಪಾತ್ರೆಗಳ ಜತೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅಕ್ಷರವೇ ಮಾಸಿದ ಬಿಲ್ಲೆಗಳಿರುತ್ತವೆ. ದಯವಿಟ್ಟು ತಿಕ್ಕಬೇಡಿ. ಬೆಳ್ಳಿಯ ಪದಕದ ಮುಖದಲ್ಲಿ ರಾಜನ ತಲೆಯಷ್ಟೇ. ಬೇಕಾದ್ದು ಅಂಚಿನಲ್ಲಿದೆ: ನಂಬರು, ಹುದ್ದೆ, ಹೆಸರು, ಪಡೆ. ಪದಕವನ್ನು ಬಟ್ಟೆಯ ಮೇಲೆ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಏಳೆಂಟು ಫೋಟೋ ತೆಗೆಯಿರಿ. ಎರಡನೆಯ ಯುದ್ಧದ ನಕ್ಷತ್ರಾಕಾರದ ಪದಕಗಳನ್ನು ಬ್ರಿಟಿಷರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹಿಂಬದಿಯಲ್ಲಿ ಹೆಸರು ಕೊರೆದು ಕೊಟ್ಟರು; ಮಗುಚಿ ನೋಡಿ. ಬೆಳ್ಳಿಯ ದರ ಏರಿದಾಗಲೆಲ್ಲ ಇಂಥವು ಅಕ್ಕಸಾಲಿಯ ಮೂಸೆ ಸೇರುತ್ತವೆ, ಮೊದಲು ಫೋಟೋವಾದರೂ ಆಗಲಿ. ಮಳೆಗಾಲದ ಶೀತಕ್ಕೆ ಒಂದಕ್ಕೊಂದು ಅಂಟಿದ ಪತ್ರಗಳನ್ನು ಕೈಯಿಂದ ಬಿಡಿಸಲು ಹೋಗಬೇಡಿ. ಅಕ್ಷರ ಎದುರಿನ ಹಾಳೆಗೆ ಹತ್ತಿಕೊಂಡು ಹೋಗುತ್ತದೆ.

ಮನೆಯವರು ಹೇಳುವ ಸಾವಿನ ದಿನ ಸಾಮಾನ್ಯವಾಗಿ ತಿಥಿ. ಪಂಚಾಂಗದಿಂದ ತಾರೀಖು ತೆಗೆಯಬಹುದು, ಆದರೆ ಶ್ರಾದ್ಧ ನಡೆಯುತ್ತಿರುವುದು ಸತ್ತ ದಿನಕ್ಕೋ ಸುದ್ದಿ ಬಂದ ದಿನಕ್ಕೋ ಕೇಳಿಕೊಳ್ಳಿ. ನಡುವೆ ತಿಂಗಳುಗಳ ಅಂತರ ಇರುತ್ತದೆ. ಜಮೀನಿದ್ದ ಮನೆಯಾದರೆ ವಾರಸಾ ನೋಂದಣಿಯಲ್ಲಿ ‘ಮಯತ’ (ಮೃತ) ಎಂಬ ನಮೂದು ಸಿಗಬಹುದು. ಗೇಣಿ ಮಾಡುತ್ತಿದ್ದವರ ಹೆಸರಿಗೆ 1974ರವರೆಗೆ ಜಮೀನೇ ಇರಲಿಲ್ಲ. ಉತಾರದಲ್ಲಿ ಕಾಣಲಿಲ್ಲವೆಂದು ಆ ಮನೆಯವರ ಮಾತನ್ನು ತಳ್ಳಿಹಾಕುವುದು ಅನ್ಯಾಯ.

ಯಾರನ್ನು ಸೇರಿಸಬೇಕೆಂಬುದನ್ನು ಹುಡುಕಾಟಕ್ಕೆ ಮೊದಲೇ ಬರೆದಿಟ್ಟುಕೊಳ್ಳಬೇಕು. ಆಯೋಗದ ಲೆಕ್ಕದಲ್ಲಿ ಮೊದಲ ಯುದ್ಧ 1921ರ ಆಗಸ್ಟ್ 31ಕ್ಕೆ, ಎರಡನೆಯದು 1947ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕದನವಿರಾಮದ ನಂತರ, 1919ರ ಜನವರಿ 1ರ ನಸುಕಿನಲ್ಲಿ ಐಯೊಲೇರ್ ಎಂಬ ಹಡಗು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಬಂದರಿನ ಬಾಯಲ್ಲೇ ಬಂಡೆಗೆ ಬಡಿದು, ಊರಿಗೆ ಮರಳುತ್ತಿದ್ದವರೂ ಸೇರಿ 201 ಮಂದಿ ಸತ್ತರು. ಅವರನ್ನು ದ್ವೀಪದವರು ಯುದ್ಧದ ಹೊರಗಿನವರೆಂದು ಬಿಡಲಿಲ್ಲ.

ಹೆಸರೊಂದಕ್ಕೆ ಒಂದು ಹಾಳೆ, ಒಂದನ್ನೊಂದು ನೋಡಿ ಬರೆಯದ ಎರಡು ಆಧಾರ, ಕೆತ್ತುವ ಮುನ್ನ ಮೂರು ತಿಂಗಳು ಪಂಚಾಯಿತಿ ಫಲಕದಲ್ಲಿ ಪಟ್ಟಿ. ಕನ್ನಡದ ಕಾಗುಣಿತವನ್ನು ಮನೆಯವರಿಂದಲೇ ಬರೆಸಿಕೊಳ್ಳಿ. ಕಲ್ಲಿನ ಕೆಳಗಿನ ಕಾಲುಭಾಗ ಖಾಲಿ ಬಿಡಿ. ಸ್ಕಾಟ್ಲೆಂಡಿನ ಎಷ್ಟೋ ಕಲ್ಲುಗಳಲ್ಲಿ ಕೊನೆಯ ಹೆಸರುಗಳು ಅಕಾರಾದಿ ತಪ್ಪಿ ಅಂಚಿಗೆ ಒತ್ತಿಕೊಂಡಿವೆ, ಪಟ್ಟಿ ಮುಗಿಯಿತೆಂದು ಕೆತ್ತಿದ ಮೇಲೆ ಬಂದವು ಅವು.

– ಊರ ಚರಿತ್ರೆಯ ಆಸಕ್ತರು, ಶಿರಸಿ ಮತ್ತು ಕಾರವಾರ