ಹೆಸರು ಹೇಳದೆ ಹೋದವರಿಗೆ ಥ್ಯಾಂಕ್ಸ್

ನಮ್ಮ ಮನೆಗೆ ಬೆಂಕಿ ಬಿದ್ದಾಗ ಕಾಗದಪತ್ರ ಉಳಿಸಿಕೊಟ್ಟವರೇ, ತುಂಬಾ ಥ್ಯಾಂಕ್ಸ್. ಬಿಸಿ ಆರದ ಲಾಕರ್ ತೆಗೆದರೆ ಗಾಳಿ ನುಗ್ಗಿ ಒಳಗಿದ್ದದ್ದು ಹೊತ್ತಿಕೊಳ್ಳಬಹುದು ಅಂತ ತಡೆದಿರಿ. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ. ನೀರಲ್ಲಿ ನೆನೆದು ಒಂದಕ್ಕೊಂದು ಅಂಟಿದ್ದ ಮನೆ ಪತ್ರ, ಸರ್ಟಿಫಿಕೇಟುಗಳನ್ನು ಬಿಡಿಸಲು ಹೋಗದೆ, ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪಕ್ಕದ ಮನೆಯವರ ಫ್ರೀಜರ್‌ನಲ್ಲಿ ಇಡಿಸಿದಿರಿ, 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಬಹುದು, ಫ್ರೀಜರ್‌ನಲ್ಲಿದ್ದರೆ ಆ ಭಯವಿಲ್ಲ ಅಂದಿರಿ. (ಕಾಗದಕ್ಕೆ ಫ್ರೀಜರ್! ಅಂಥ ಹೊತ್ತಲ್ಲೂ ಅಮ್ಮ ನಕ್ಕುಬಿಟ್ಟರು.) ಆಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು ಫ್ಯಾನ್ ಗಾಳಿಯಲ್ಲಿ ಒಣಗಿಸಿದೆವು. ಮಸಿ ಹಿಡಿದ ಫೋಟೋಗಳನ್ನು ಉಜ್ಜಬೇಡಿ ಅಂದಿದ್ದೂ ಒಳ್ಳೆಯದೇ ಆಯ್ತು. ಮನೆ ಪತ್ರದ ಅಂಚು ಸುಟ್ಟಿದೆ, ಆದರೆ ಸಹಿ, ಮೊಹರು ಎಲ್ಲ ಓದಲು ಬರುತ್ತೆ. ನಿಮ್ಮ ಟಾರ್ಚ್ ನಮ್ಮಲ್ಲೇ ಉಳಿದಿದೆ, ಅದನ್ನು ತಗೊಳ್ಳೋ ನೆಪದಲ್ಲಾದರೂ ಬನ್ನಿ.